ದ್ರಾಕ್ಷಾಪಾಕ ಮತ್ತು ಅವ್ವನ ಕೈ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು. ಗೆಳೆಯರು ಬರೆದುಕೊಂಡದ್ದನ್ನು ಅಲ್ಲಲ್ಲಿ ತಿದ್ದಿ ಕೊಟ್ಟಿದ್ದೇನೆ.)

ಗೆಳೆಯರೇ,

ನನ್ನನ್ನು ಇಲ್ಲಿಗೆ ಕವಿ ಅಂತ ಕರೆದಿದ್ದೀರಿ. ಪದ್ಯ ಓದಬೇಕು ಅಂದಿದ್ದೀರಿ. ಪದ್ಯ ಇನ್ನೊಂದು ದಿನ ಓದೋಣ. ಇವತ್ತು ಒಂದು ಹಣ್ಣಿನ ವಿಚಾರ ಮಾತಾಡಬೇಕು ಅಂತ ಬಂದಿದ್ದೇನೆ. ದ್ರಾಕ್ಷಿ ಹಣ್ಣು.

ನಿಮ್ಮಲ್ಲಿ ಕನ್ನಡ ಐಚ್ಛಿಕ ಓದುವವರಿಗೆ ಗೊತ್ತಿರುತ್ತೆ, ಕಾವ್ಯಮೀಮಾಂಸೆಯ ಪಾಠದಲ್ಲಿ ಮೂರು ಪಾಕ ಬರುತ್ತವೆ. ನಾರಿಕೇಳಪಾಕ, ಕದಳೀಪಾಕ, ದ್ರಾಕ್ಷಾಪಾಕ. ತೆಂಗಿನಕಾಯಿಯಾದರೆ ಸುಲಿಯಬೇಕು, ಒಡೆಯಬೇಕು. ಬಾಳೆಹಣ್ಣಾದರೆ ಸಿಪ್ಪೆಯಾದರೂ ತೆಗೆಯಬೇಕು. ದ್ರಾಕ್ಷಿಗೆ ಯಾವ ಶ್ರಮವೂ ಇಲ್ಲ, ಬಾಯಿಗಿಟ್ಟರೆ ಸಾಕು ರಸ. ಹಾಗೆ ಸುಲಭವಾಗಿ ಸವಿಯಬಹುದಾದ ಕಾವ್ಯ ದ್ರಾಕ್ಷಾಪಾಕ. ನಮ್ಮ ಮೇಷ್ಟ್ರು ಇದನ್ನು ಕಣ್ಣು ಮುಚ್ಚಿಕೊಂಡು, ಬಾಯಲ್ಲಿ ನೀರು ತುಂಬಿಕೊಂಡು ಹೇಳಿದರು. ನಾನು ಹಿಂದಿನ ಬೆಂಚಿನಲ್ಲಿ ಕೂತು ಕತ್ತು ಒತ್ತಿಕೊಳ್ಳುತ್ತಿದ್ದೆ. ಯಾಕೆ ಅಂದರೆ ಶನಿವಾರ ಭಾನುವಾರ ಎರಡು ದಿನವೂ ಚಪ್ಪರದ ಕೆಳಗೆ ನಿಂತು ದ್ರಾಕ್ಷಿ ಕುಯ್ದು ಬಂದಿದ್ದೆ.

ಯಾವ ಶ್ರಮವೂ ಇಲ್ಲ ಅಂದರಲ್ಲ, ಯಾರಿಗೆ ಇಲ್ಲ? ತಿನ್ನುವವನಿಗೆ ಇಲ್ಲ. ಬಾಯಿಗೆ ಬರುವ ಮೊದಲು ಅದು ಒಂದು ಕೈಗೆ ಬಂದಿರುತ್ತದೆ. ಆ ಕೈ ಕಾವ್ಯಮೀಮಾಂಸೆಯಲ್ಲಿ ಎಲ್ಲೂ ಇಲ್ಲ. ಆ ಕೈ ನಮ್ಮವ್ವನದು.

ನಮ್ಮೂರು ದೊಡ್ಡಬಳ್ಳಾಪುರದ ಕಡೆ. ಅಲ್ಲಿಂದ ಹಿಡಿದು ದೇವನಹಳ್ಳಿ, ಚಿಕ್ಕಬಳ್ಳಾಪುರ, ಕೋಲಾರದವರೆಗೂ ಬೆಂಗಳೂರು ಬ್ಲೂ ಅನ್ನೋ ದ್ರಾಕ್ಷಿ ಬೆಳೀತಾರೆ. ಕಪ್ಪು ನೀಲಿ ಬಣ್ಣ, ಗುಂಡು ಕಾಯಿ, ದಪ್ಪ ಸಿಪ್ಪೆ, ಮೂಗಿಗೆ ಬಡಿಯೋ ವಾಸನೆ. ಸಂತೆಗೂ ಹೋಗುತ್ತೆ, ಜ್ಯೂಸಿಗೂ ಹೋಗುತ್ತೆ, ವೈನಿಗೂ ಹೋಗುತ್ತೆ. 2013ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಸರ್ಕಾರಿ ಮುದ್ರೆ ಸಿಕ್ಕಿತು. ಅಂದರೆ ಈ ಹಣ್ಣಿಗೆ ಈ ಮಣ್ಣಿನ ಹೆಸರು ಇದೆ ಅಂತ ಸರ್ಕಾರ ಒಪ್ಪಿತು. ಮಣ್ಣಿನ ಹೆಸರು ಬಂತು. ಕೈಯ ಹೆಸರು ಬರಲಿಲ್ಲ.

ಅವ್ವ ಕೂಲಿಗೆ ಹೋಗುತ್ತಿದ್ದದ್ದು ಒಂದು ಸಣ್ಣ ತೋಟಕ್ಕೆ. ಎರಡು ಎಕರೆ. ಕಲ್ಲುಕೂಚ ನೆಟ್ಟು, ಮೇಲೆ ತಂತಿ ಎಳೆದು, ಬಳ್ಳಿ ಹಬ್ಬಿಸಿದ ಚಪ್ಪರ. ಹಣ್ಣೆಲ್ಲ ತಲೆ ಮೇಲೆ ಜೋತಾಡುತ್ತದೆ. ವೈನ್ ಫ್ಯಾಕ್ಟರಿಯ ಲಾರಿ ಬರುವ ದಿನ ಗೊತ್ತಾದರೆ ಕೇರಿಯಲ್ಲಿ ಬೆಳಗಿನ ಜಾವ ನಾಲ್ಕಕ್ಕೇ ಒಲೆ ಹತ್ತುತ್ತದೆ. ಬಿಸಿಲೇರುವ ಮುಂಚೆ ಹಣ್ಣು ಕುಯ್ದು ಮುಗಿಸಬೇಕು. ಬಿಸಿಲಿಗೆ ಕಾದ ಹಣ್ಣು ಕ್ರೇಟಿನಲ್ಲೇ ಒಡೆದು ಹುಳಿಯೋಕೆ ಶುರುವಾಗುತ್ತೆ.

ಕುಯ್ಯೋದು ಸುಲಭ ಅಂತ ತಿಳೀಬೇಡಿ. ಎಡಗೈಯಲ್ಲಿ ಗೊಂಚಲನ್ನು ಕೆಳಗಿಂದ ಹಿಡೀಬೇಕು. ಹಿಂಡಬಾರದು. ಹಣ್ಣಿನ ಮೇಲೆ ಬೂದಿ ಬಳಿದ ಹಾಗೆ ಒಂದು ಮಬ್ಬು ಇರುತ್ತೆ ನೋಡಿ, ಅದನ್ನು ಉಜ್ಜಬಾರದು. ಬಲಗೈಯಲ್ಲಿ ಕತ್ತರಿ. ತೊಟ್ಟಿಗೆ ಒಂದೇ ಏಟು. ಕೊಳೆತ ಕಾಯಿ, ಹಕ್ಕಿ ಕುಕ್ಕಿದ ಕಾಯಿ, ಒಣಗಿದ ಕಾಯಿ ಅಲ್ಲೇ ತೆಗೆದು ಬಿಸಾಕಬೇಕು. ಕ್ರೇಟಿನಲ್ಲಿ ಮೆಲ್ಲಗೆ ಇಡಬೇಕು, ಎಸೀಬಾರದು. ಕಂಠಮಟ್ಟ ತುಂಬಬಾರದು, ತುಂಬಿದರೆ ಒಂದರ ಮೇಲೊಂದು ಕ್ರೇಟು ಇಟ್ಟಾಗ ಕೆಳಗಿನದು ಜಜ್ಜಿ ಹೋಗುತ್ತೆ. ಇಷ್ಟೆಲ್ಲ ಮಾಡುವಾಗ ಕತ್ತು ಮೇಲಕ್ಕೆ, ಎರಡು ಕೈಯೂ ಮೇಲಕ್ಕೆ. ಕಣ್ಣಿಗೆ ಧೂಳು, ಮದ್ದಿನ ಪುಡಿ. ರಸಕ್ಕೆ ಬರುವ ಕಣಜ, ಜೇನು. ಹೀಗೆ ಒಂದು ಗಂಟೆ ಅಲ್ಲ, ಆರೇಳು ಗಂಟೆ.

ಹಾಸ್ಟೆಲಿಗೆ ಹೊಸದಾಗಿ ಸೇರಿದಾಗ ನಾನೊಂದು ಪದ್ಯ ಬರೆದಿದ್ದೆ. ದ್ರಾಕ್ಷಿಯಂಥ ಕಣ್ಣವಳೇ ಅಂತ. ಊರಿಗೆ ಹೋದಾಗ ಅವ್ವನಿಗೆ ಓದಿ ಹೇಳಿದೆ. ಅವ್ವ ಸುಮ್ಮನೆ ಕೇಳಿಸಿಕೊಂಡು, "ಬೆಳಗಿನಿಂದ ತಲೆ ಎತ್ತಿ ನೋಡಿದ್ರೆ ದ್ರಾಕ್ಷಿ ಯಾವ ಕಣ್ಣಂಗೂ ಕಾಣಲ್ಲ ಕಣಪ್ಪ. ನಿಂಗೆ ಕತ್ತು ನೋವಿಲ್ಲ, ಅದ್ಕೆ ಕಣ್ಣಂಗೆ ಕಾಣ್ತದೆ" ಅಂದಳು. ನನಗೆ ಸಿಕ್ಕ ಮೊದಲ ವಿಮರ್ಶೆ ಅದು. ಅದಕ್ಕಿಂತ ಒಳ್ಳೆಯದು ಇನ್ನೂ ಸಿಕ್ಕಿಲ್ಲ.

ಈಗ ಒಂದು ವಿಷಯ ಹೇಳ್ತೀನಿ, ಗಮನವಿಟ್ಟು ಕೇಳಿ. ವೈನು ಮಾಡುವ ದ್ರಾಕ್ಷಿಯನ್ನು ಸಾಮಾನ್ಯವಾಗಿ ತೊಳೆಯೋದಿಲ್ಲ. ನೀರು ಸೇರಿದರೆ ರಸ ತೆಳುವಾಗುತ್ತೆ ಅಂತ. ಹೊಲದಿಂದ ಬಂದ ಕ್ರೇಟು ನೇರವಾಗಿ ಯಂತ್ರಕ್ಕೆ ಸುರಿಯುತ್ತಾರೆ. ತೊಟ್ಟು ಬಿಡಿಸಿ, ಹಣ್ಣು ಒಡೆದು, ಕೆಂಪು ವೈನಾದರೆ ಸಿಪ್ಪೆ ಸಮೇತ ಹುದುಗಲು ಬಿಡುತ್ತಾರೆ. ಅಂದರೆ ನಮ್ಮವ್ವ ಮುಟ್ಟಿದ ಗೊಂಚಲು ನೀರು ಕಾಣದೆ, ಅವ್ವನ ಬೆವರು ಅಂಟಿದ ಹಾಗೇ, ರಸವಾಗಿ ಬಾಟಲಿಗೆ ಹೋಗುತ್ತದೆ. ಒಂದು ಬಾಟಲಿಗೆ ಒಂದು ಕೆಜಿಗಿಂತ ಸ್ವಲ್ಪ ಹೆಚ್ಚು ಹಣ್ಣು ಬೇಕು. 20 ಕೆಜಿಯ ಒಂದು ಕ್ರೇಟು ಅಂದರೆ ಸುಮಾರು 15 ಬಾಟಲಿ. ಅವ್ವ ಒಂದು ದಿನಕ್ಕೆ 20 ಕ್ರೇಟು ತುಂಬುತ್ತಿದ್ದಳು. ಲೆಕ್ಕ ಹಾಕಿ. ಒಂದು ಬೆಳಗ್ಗೆಗೆ 300 ಬಾಟಲಿ ಮುಟ್ಟಿದ ಕೈ ಅದು. ಆ 300 ಬಾಟಲಿ ಯಾವ ಯಾವ ಮನೆಯ ಮೇಜಿನ ಮೇಲೆ ಕೂತವೋ, ಯಾವ ಯಾವ ಜಾತಿಯ ತುಟಿಗೆ ತಾಗಿದವೋ!

ಅದೇ ಕೈಗೆ ಆ ತೋಟದಲ್ಲಿ ನೀರು ಕೊಡುತ್ತಿದ್ದದ್ದು ಹೇಗೆ ಅಂತ ಹೇಳ್ತೀನಿ.

2019ರ ಮಾರ್ಚ್. ನಾನು ಬಿ.ಎ. ಎರಡನೇ ವರ್ಷ. ರಜೆ ಹಾಕಿ ಅವ್ವನ ಜೊತೆ ಕುಯ್ಲಿಗೆ ಹೋಗಿದ್ದೆ. ಅವತ್ತು ತೋಟದ ಯಜಮಾನರ ಮನೆಗೆ ಬೆಂಗಳೂರಿನಿಂದ ನೆಂಟರು ಬಂದಿದ್ದರು. ಯಜಮಾನರು ಅವ್ವನ ಕಡೆ ತಿರುಗಿ, "ಏಯ್, ಒಂದು ಒಳ್ಳೇ ಗೊಂಚಲು ನೋಡಿ ಕುಯ್ಯಿ" ಅಂದರು. ಅವ್ವ ಹುಡುಕಿ ಕುಯ್ದು ಕೊಟ್ಟಳು. ಅವ್ವನ ಕೈಯಿಂದಲೇ ತಗೊಂಡು, ತೊಳೆಯದೇ, ನೆಂಟರೂ ತಿಂದರು, ಅವರೂ ತಿಂದರು. ಚೆನ್ನಾಗಿದೆ ಅಂದರು. ಅರ್ಧ ಗಂಟೆ ಆದ ಮೇಲೆ ಅವ್ವ ನೀರು ಕೇಳಿದಳು. ಯಜಮಾನರ ಮನೆಯವರು ಚೊಂಬು ಹಿಡಿದು ಬಂದು, ಒಂದು ಮೊಳ ಮೇಲಿನಿಂದ ಅವ್ವನ ಬೊಗಸೆಗೆ ಹೊಯ್ದರು. ಅದೇ ಕೈ! ಗೊಂಚಲು ಕೊಟ್ಟಾಗ ಇಲ್ಲದ ಮೈಲಿಗೆ ನೀರು ಕುಡಿಯುವಾಗ ಎಲ್ಲಿಂದ ಬಂತು?

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಗೆ ಇಳಿದು ನೀರು ಮುಟ್ಟಿದರು. ಅದಾಗಿ 92 ವರ್ಷವಾಗಿತ್ತು. ಆ ಪಾಠ ನಾನು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಅಂಕ ತಗೊಂಡಿದ್ದೆ. ಅವತ್ತು ನನ್ನ ಬಾಯಿ ಸುಮ್ಮನಿರಲಿಲ್ಲ. "ನಮಗೂ ಲೋಟ ಕೊಡಿ" ಅಂದೆ. ಅಷ್ಟೇ ಅಂದದ್ದು. ಚಪ್ಪರದ ಕೆಳಗೆ ಇಪ್ಪತ್ತು ಕತ್ತರಿ ಒಟ್ಟಿಗೆ ನಿಂತವು. ಯಜಮಾನರು ಏನೂ ಅನ್ನಲಿಲ್ಲ. ಸಂಜೆ ಕೂಲಿ ಕೊಡುವಾಗ "ನಾಳೆಯಿಂದ ನಿಮ್ಮ ಕಡೆಯವರು ಬೇಡ" ಅಂದರು.

ನಾನು ಹೋರಾಟಗಾರ ಆದೆ ಅಂದುಕೊಂಡು ಎದೆ ಉಬ್ಬಿಸಿಕೊಂಡು ಮನೆಗೆ ಬಂದೆ. ಅವ್ವ ಮುಖ ಕೊಟ್ಟು ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅಂದಳು: "ನೀನು ಲೋಟ ಕೇಳ್ದೆ, ಸರಿ. ನೀನು ನಾಳೆ ಹಾಸ್ಟೆಲಿಗೆ ಹೋಗ್ತೀಯ. ಅಲ್ಲಿ ನಿಂಗೆ ತಟ್ಟೇನೂ ಐತೆ, ಲೋಟಾನೂ ಐತೆ. ಇಪ್ಪತ್ತು ಜನದ ಕೂಲಿ ಹೋಯ್ತಲ್ಲ, ನಮ್ಮನ್ನ ಒಂದು ಮಾತು ಕೇಳಿದ್ಯಾ?"

ಗೆಳೆಯರೇ, ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಓದಿದ ನಾವು ಕೇರಿಯ ಪರವಾಗಿ ಮಾತಾಡುತ್ತೇವೆ. ಕೇರಿಯನ್ನು ಕೇಳಿ ಮಾತಾಡುತ್ತೇವಾ?

ಆದರೆ ಅವತ್ತೇ ರಾತ್ರಿ ಕೇರಿಯ ನಲ್ಲಿ ಹತ್ತಿರ ಹೆಂಗಸರೆಲ್ಲ ಸೇರಿದರು. ನಮ್ಮ ದೊಡ್ಡವ್ವ ಇದ್ದಾಳೆ, ಒಂದಕ್ಷರ ಓದಿದವಳಲ್ಲ. ಅವಳು ಹೇಳಿದ ಮಾತು ಇದು: "ಹುಡುಗ ಕೇಳಿದ್ದು ತಪ್ಪಲ್ಲ. ಕೇಳಿದ ಹೊತ್ತು ತಪ್ಪು, ಒಬ್ಬನೇ ಕೇಳಿದ್ದು ತಪ್ಪು. ನಾನು ಬೀಜ ಬಿಡಿಸಿ ನೋಡಿದೀನಿ. ಹಣ್ಣು ಇನ್ನು ಎರಡು ದಿನ ತಡೀತದೆ. ಮೂರನೇ ದಿನ ತಡಿಯಲ್ಲ. ಎರಡು ದಿನ ಯಾರೂ ಹೋಗೋದು ಬ್ಯಾಡ."

ಇದರ ಅರ್ಥ ನಿಮಗೆ ಬಿಡಿಸಿ ಹೇಳಬೇಕು. ಮಾವು, ಬಾಳೆ ಆದರೆ ಕಾಯಿ ಕಿತ್ತು ಅಡೆ ಹಾಕಿ ಹಣ್ಣು ಮಾಡಬಹುದು. ದ್ರಾಕ್ಷಿ ಹಾಗಲ್ಲ. ಬಳ್ಳಿಯಿಂದ ಬಿಡಿಸಿದ ಮೇಲೆ ಅದು ಮಾಗೋದಿಲ್ಲ. ಮೊದಲೇ ಕುಯ್ದರೆ ಹುಳಿ. ತಡವಾಗಿ ಕುಯ್ದರೆ ಹಣ್ಣು ಬಿರಿಯುತ್ತೆ, ಕಣಜ ಮುತ್ತುತ್ತೆ, ಒಂದು ಮಳೆ ಬಿದ್ದರೆ ಕೊಳೆಯುತ್ತೆ. ನಡುವೆ ಇರೋದು ಕೆಲವೇ ದಿನ. ಆ ದಿನ ಗುರುತಿಸೋಕೆ ಫ್ಯಾಕ್ಟರಿಯವರು ಒಂದು ಸಣ್ಣ ಕೊಳವೆಯಂಥ ಯಂತ್ರ ತರ್ತಾರೆ. ಅದರ ಗಾಜಿನ ಮೇಲೆ ಎರಡು ಹನಿ ರಸ ಹಿಂಡಿ, ಬೆಳಕಿಗೆ ಹಿಡಿದು ಸಕ್ಕರೆ ಎಷ್ಟಿದೆ ಅಂತ ನೋಡ್ತಾರೆ. ಆ ಅಳತೆಗೆ ಬ್ರಿಕ್ಸ್ ಅಂತ ಹೆಸರು. ವೈನಿಗೆಂದೇ ಬೆಳೆಸುವ ಕ್ಯಾಬರ್ನೆ, ಶಿರಾಜ್ ಇಂಥ ತಳಿಗಳಿಗೆ ಸಾಮಾನ್ಯವಾಗಿ 22ರಿಂದ 24 ಬ್ರಿಕ್ಸ್ ಬರುವವರೆಗೆ ಕಾಯ್ತಾರೆ. ನಮ್ಮ ಬ್ಲೂ ಅಷ್ಟು ಏರೋದಿಲ್ಲ. ದೊಡ್ಡವ್ವನ ಹತ್ತಿರ ಯಂತ್ರ ಇಲ್ಲ. ಹಣ್ಣು ಚೀಪಿ, ಬೀಜ ಉಗಿದು ಅಂಗೈಯಲ್ಲಿಟ್ಟು ನೋಡ್ತಾಳೆ. ಬೀಜ ಹಸಿರಿದ್ದರೆ ಇನ್ನೂ ಬೇಡ, ಕಂದು ತಿರುಗಿದ್ದರೆ ಆಯ್ತು. ಅವಳ ಲೆಕ್ಕ ತಪ್ಪಿದ್ದನ್ನು ನಾನು ನೋಡಿಲ್ಲ.

ಮಾರನೇ ದಿನ ಯಜಮಾನರು ಪಕ್ಕದೂರಿನಿಂದ ಆಳು ತರಿಸಿದರು. ಅವರೂ ನಮ್ಮವರೇ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಗೊತ್ತಾಯಿತು, ಎರಡನೇ ದಿನ ಅವರು ಬರಲಿಲ್ಲ. ಮೂರನೇ ದಿನ ಆಕಾಶದಲ್ಲಿ ಮೋಡ. ಸಂಜೆಗೆ ಲಾರಿ ಬರುವುದಿತ್ತು. ಬೆಳಕು ಹರಿಯುವ ಮೊದಲೇ ಯಜಮಾನರ ಮಗ ಕೇರಿ ಬಾಗಿಲಿಗೆ ಬೈಕು ತಂದು ನಿಲ್ಲಿಸಿದ. "ಬನ್ರಮ್ಮಾ" ಅಂದ. ಏಯ್ ಅಂತಿದ್ದವರ ಮನೆಯಿಂದ ಅಮ್ಮಾ ಅನ್ನೋ ಮಾತು ಬಂದದ್ದು ಅದೇ ಮೊದಲು. ದೊಡ್ಡವ್ವ ಎರಡೇ ಮಾತು ಅಂದಳು. ಒಂದು, ಲೋಟ. ಎರಡು, ಕ್ರೇಟು ಹೊರುವ ಗಂಡಾಳಿಗೆ ಎಷ್ಟೋ ಕುಯ್ಯುವ ಹೆಣ್ಣಾಳಿಗೂ ಅಷ್ಟೇ. ಗಂಡಿಗೂ ಹೆಣ್ಣಿಗೂ ಸಮಾನ ಕೂಲಿ ಅಂತ ಈ ದೇಶದಲ್ಲಿ 1976ರಲ್ಲೇ ಕಾಯ್ದೆ ಬಂದಿತ್ತು. ಅದು ನಮ್ಮ ಚಪ್ಪರದ ಕೆಳಗೆ ಕಾಲಿಟ್ಟಿರಲಿಲ್ಲ.

ಏನಾಯಿತು ಅಂತ ಕೇಳ್ತೀರಿ. ಕತೆ ಆಗಿದ್ದರೆ ಗೆದ್ದೆವು ಅಂತ ಮುಗಿಸಬಹುದಿತ್ತು. ಕೂಲಿಯಲ್ಲಿ ಇದ್ದ ವ್ಯತ್ಯಾಸ ಅರ್ಧ ಇಳಿಯಿತು. ಪೂರ್ತಿ ಇಳಿಯಲಿಲ್ಲ. ಲೋಟ? ಲೋಟವೂ ಬಂತು. ಪಂಪ್‌ಹೌಸಿನ ಮೊಳೆಗೆ ಒಂದು ಪ್ಯಾಕೆಟ್ ತೂಗುಹಾಕಿದ್ದರು. ಒಂದು ಸಲ ಕುಡಿದು ಬಿಸಾಕುವ ಪ್ಲಾಸ್ಟಿಕ್ ಲೋಟಗಳು. ಸ್ಟೀಲ್ ಲೋಟ ಒಳಗಿನ ಗೂಡಿನಲ್ಲೇ ಇದ್ದವು. ಅವ್ವ ಆ ಪ್ಲಾಸ್ಟಿಕ್ ಲೋಟ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. "ಬೊಗಸೆಗಿಂತ ಇದು ಮೇಲೋ ಕೆಳಗೋ?" ಅಂದಳು. ನನಗೆ ಗೊತ್ತಾಗಲಿಲ್ಲ. ಮಳೆ ಬೀಳುವ ಮುಂಚೆ ಹಣ್ಣೆಲ್ಲ ಲಾರಿ ಸೇರಿತು.

ಇಲ್ಲಿ ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತೆ. ಆ ಯಜಮಾನರು ದೊಡ್ಡ ಜಮೀನ್ದಾರರಲ್ಲ. ಕಲ್ಲುಕೂಚಕ್ಕೆ ಸಾಲ, ತಂತಿಗೆ ಸಾಲ, ಬೋರ್‌ವೆಲ್ಲಿಗೆ ಸಾಲ. ಲಾರಿಯ ಜೊತೆ ಬಂದವನು ಆ ಕೊಳವೆಯಲ್ಲಿ ಕಣ್ಣಿಟ್ಟು "ಸಕ್ಕರೆ ಕಮ್ಮಿ" ಅಂದರೆ ರೇಟು ಇಳಿಯುತ್ತೆ. ಮಾರೋದಿಲ್ಲ ಅನ್ನೋ ಹಾಗಿಲ್ಲ. ಯಾಕೆ? ಹಣ್ಣು ಕಾಯೋದಿಲ್ಲ. ನಾವು ಅವರ ಮುಂದೆ ಹಿಡಿದ ಅಸ್ತ್ರವನ್ನೇ ಫ್ಯಾಕ್ಟರಿಯವರು ವರ್ಷವೂ ಅವರ ಮುಂದೆ ಹಿಡೀತಾರೆ. ಈ ಹಿಂಡುವ ಯಂತ್ರದಲ್ಲಿ ಅವರೂ ಒಂದು ಹಣ್ಣು. ಆದರೂ ತನ್ನನ್ನು ಹಿಂಡುವವನಿಗೆ ಒಳಗೆ ಕೂರಿಸಿ ಸ್ಟೀಲ್ ಲೋಟದಲ್ಲಿ ಕಾಫಿ, ತನ್ನ ಹಣ್ಣು ಉಳಿಸಿದವಳಿಗೆ ಹೊರಗೆ ಪ್ಲಾಸ್ಟಿಕ್. ಇದೇ ಜಾತಿ. ಸಾಲಗಾರನಿಗೂ ತಾನು ಯಾರಿಗಿಂತಲೋ ಮೇಲೆ ಅನ್ನಿಸೋ ಹಾಗೆ ಮಾಡೋದೇ ಅದರ ಕೆಲಸ.

ಮುಟ್ಟುವ ಕೈಯ ಭಯ ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಬಳ್ಳಿಗೆ ಹೊಡೆಯುವ ಬೋರ್ಡೋ ದ್ರಾವಣ ಗೊತ್ತಲ್ಲ, ಮೈಲುತುತ್ತ ಮತ್ತು ಸುಣ್ಣ ಕಲಸಿದ್ದು. ಅದರ ಹುಟ್ಟು ಫ್ರಾನ್ಸಿನಲ್ಲಿ. ರಸ್ತೆ ಬದಿಯ ಬಳ್ಳಿಗಳ ಹಣ್ಣನ್ನು ದಾರಿಹೋಕರು ಕಿತ್ತು ತಿನ್ನಬಾರದು ಅಂತ ತೋಟದವರು ನೀಲಿ ಮದ್ದು ಬಳಿಯುತ್ತಿದ್ದರು. ಮಿಲಾರ್ಡೆ ಅನ್ನುವ ಪ್ರಾಧ್ಯಾಪಕ ನೋಡಿದ, ಮದ್ದು ಬಳಿದ ಬಳ್ಳಿಗೆ ರೋಗ ಇಲ್ಲ, ಒಳಗಿನ ಬಳ್ಳಿಗೆ ರೋಗ. 1885ರಲ್ಲಿ ಅದನ್ನು ಪ್ರಕಟಿಸಿದ. ಹಸಿದವನ ಕೈಗೆ ಹೆದರಿ ಬಳಿದ ಬಣ್ಣ ಲೋಕದ ದ್ರಾಕ್ಷಿಯನ್ನೆಲ್ಲ ಉಳಿಸುವ ಔಷಧಿಯಾಯಿತು!

ಇನ್ನು ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತ್ಯ ನೋಡಿ. ಅಲ್ಲಿ ಮೊದಲ ದ್ರಾಕ್ಷಾರಸ ಹಿಂಡಿದ್ದು 1659ರಲ್ಲಿ, ಡಚ್ಚರ ಕಾಲದಲ್ಲಿ. ಆ ನಾಡಿನ ತೋಟಗಳಲ್ಲಿ ದುಡಿಯಲು ಗುಲಾಮರನ್ನು ಹಡಗಿನಲ್ಲಿ ತಂದರು. ಆಫ್ರಿಕಾದ ಇತರೆ ಕಡೆಗಳಿಂದ ಮಾತ್ರವಲ್ಲ, ನಮ್ಮ ಬಂಗಾಳ, ಕೋರಮಂಡಲ, ಮಲಬಾರ್ ತೀರಗಳಿಂದಲೂ ತಂದರು. 1834ರಲ್ಲಿ ಗುಲಾಮಗಿರಿ ರದ್ದಾಯಿತು. ಆದರೆ ಡಾಪ್ ಅನ್ನುವ ಪದ್ಧತಿ ಉಳಿಯಿತು. ಕೂಲಿಯ ಒಂದು ಭಾಗವನ್ನು ದುಡ್ಡಿನ ಬದಲು ವೈನಿನಲ್ಲೇ ಕೊಡೋದು. ಬೆಳಗ್ಗೆ ಒಂದು ಲೋಟ, ಮಧ್ಯಾಹ್ನ ಒಂದು, ಸಂಜೆ ಒಂದು, ಹೀಗೆ. ಅಲ್ಲಿ ಲೋಟ ಕೊಟ್ಟರು ನೋಡಿ! ಕುಡಿಸಿ ಕುಡಿಸಿ ಬಿಡಿಸಿಕೊಳ್ಳಲಾರದ ಹಾಗೆ ಕಟ್ಟಿಹಾಕಿದರು. ಬಸಿರಿ ಹೆಂಗಸರೂ ಕುಡಿದು, ಹುಟ್ಟುವ ಮಕ್ಕಳ ಮಿದುಳಿಗೂ ಮೈಗೂ ಊನ ಬಂತು. 1960ರ ದಶಕದಲ್ಲಿ ಕಾನೂನು ಅದನ್ನು ನಿಷೇಧಿಸಿದರೂ ಎಷ್ಟೋ ತೋಟಗಳಲ್ಲಿ ಅದು ಆಮೇಲೂ ನಡೆಯಿತು.

ಅದೇ ಪ್ರಾಂತ್ಯದಲ್ಲಿ ಡಿ ಡೋರ್ನ್ಸ್ ಅನ್ನೋ ಊರಿದೆ. ಅಲ್ಲಿ ತಿನ್ನುವ ದ್ರಾಕ್ಷಿ ಬೆಳೀತಾರೆ. 2012ರ ನವೆಂಬರಿನಲ್ಲಿ, ಹಂಗಾಮು ಶುರುವಾಗುವ ಹೊತ್ತಿಗೆ ಸರಿಯಾಗಿ ಅಲ್ಲಿಯ ಕೂಲಿಗಳು ಕೆಲಸ ನಿಲ್ಲಿಸಿದರು. ಆಗ ದಿನಕ್ಕೆ ಕನಿಷ್ಠ ಕೂಲಿ 69 ರ‍್ಯಾಂಡ್. 150 ಕೊಡಿ ಅಂದರು. ಮುಷ್ಕರ ಊರಿಂದೂರಿಗೆ ಹಬ್ಬಿತು. ಪ್ರಾಣಗಳೂ ಹೋದವು. 2013ರ ಮಾರ್ಚಿನಿಂದ ಸರ್ಕಾರ ಅದನ್ನು 105ಕ್ಕೆ ಏರಿಸಿತು. ಕೇಳಿದ್ದು ಪೂರ್ತಿ ಸಿಗಲಿಲ್ಲ. ಕೆಲವರ ಕೆಲಸವೂ ಹೋಯಿತು. ಆದರೆ 69 ಮತ್ತೆ ಬರಲಿಲ್ಲ. ನಮ್ಮ ದೊಡ್ಡವ್ವ ಡಿ ಡೋರ್ನ್ಸ್ ಹೆಸರು ಕೇಳಿದವಳಲ್ಲ. ಅವರು ಇವಳ ಹೆಸರು ಕೇಳಿದವರಲ್ಲ. ಹಣ್ಣು ಕಾಯೋದಿಲ್ಲ ಅನ್ನೋದು ಇಬ್ಬರಿಗೂ ಗೊತ್ತಿತ್ತು.

ನಮ್ಮಲ್ಲಿ ಹೆಂಡ ಬೇಡ, ವಸತಿ ಶಾಲೆ ಕೊಡಿ ಅಂತ ಕೂಗಿದವರು ನಮ್ಮ ಹಿರಿಯರು. ಆ ಕೂಗಿನ ಫಲವನ್ನು ನೀವು, ನಾನು ಉಂಡಿದ್ದೇವೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಒಳ್ಳೆಯದಾಯಿತು. ಅದೇ 2007ರಲ್ಲಿ ಸರ್ಕಾರ ವೈನ್ ನೀತಿ ತಂದಿತು, ವೈನ್ ಮಂಡಳಿ ಮಾಡಿತು. ಬಡವ ಕುಡಿದರೆ ಚಟ, ಉಳ್ಳವ ಕುಡಿದರೆ ಸಂಸ್ಕೃತಿ! ಕುಡಿಯಿರಿ ಅಂತಲೂ ನಾನು ಹೇಳ್ತಿಲ್ಲ, ವೈನಿಗೆ ದ್ರಾಕ್ಷಿ ಬೆಳೀಬೇಡಿ ಅಂತಲೂ ಹೇಳ್ತಿಲ್ಲ. ಆ ನೀತಿಯಲ್ಲಿ ಬಳ್ಳಿಗೊಂದು ಲೆಕ್ಕ, ಬಾಟಲಿಗೊಂದು ಲೆಕ್ಕ ಇದ್ದ ಮೇಲೆ ಕುಯ್ಯುವ ಕೈಗೂ ಒಂದು ಲೆಕ್ಕ ಬೇಕಲ್ಲ ಅಂತ ಕೇಳ್ತಿದ್ದೇನೆ. ಅವ್ವ ಇಷ್ಟು ವರ್ಷ ಕುಯ್ದಳು. ಆ ವೈನಿನ ಬಣ್ಣ ಹೇಗಿರುತ್ತೆ ಅಂತ ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಯಂತ್ರ ಬರುತ್ತೆ, ಆಗ ನಿಮ್ಮ ಕೈ ಯಾರಿಗೆ ಬೇಕು ಅನ್ನುವವರೂ ಇದ್ದಾರೆ. ಬಳ್ಳಿಯನ್ನು ಅಲುಗಿಸಿ ಹಣ್ಣು ಉದುರಿಸುವ ಯಂತ್ರಗಳು ಬೇರೆ ದೇಶಗಳಲ್ಲಿ ಇವೆ, ನಿಜ. ಅವು ಸಾಲಿನ ಮೇಲೆ ಓಡುವ ಯಂತ್ರಗಳು. ನಮ್ಮ ಎರಡು ಎಕರೆಯ ಕಲ್ಲುಕೂಚದ ಚಪ್ಪರದ ಕೆಳಗೆ ಅವು ನುಗ್ಗಲಾರವು. ಇವತ್ತಿಗೆ ಆ ಹಣ್ಣು ಇಳಿಯೋದು ನಮ್ಮ ಕೈಯಿಂದಲೇ. ಇವತ್ತು ಇರುವ ಬಲವನ್ನು ಇವತ್ತೇ ತಿಳಿದುಕೊಳ್ಳಬೇಕು.

ಅದಕ್ಕೇ ನಾನು ನಿಮಗೆ ಹೇಳೋದು ಮೂರು ಮಾತು. ಒಂದು, ರಜೆಗೆ ಊರಿಗೆ ಹೋದಾಗ ಒಂದು ನೋಟ್‌ಬುಕ್ ತಗೊಂಡು ಹೋಗಿ. ಎಷ್ಟು ಗಂಟೆ ಕೆಲಸ, ಎಷ್ಟು ಕ್ರೇಟು, ಗಂಡಿಗೆ ಎಷ್ಟು, ಹೆಣ್ಣಿಗೆ ಎಷ್ಟು, ನೀರು ಹೇಗೆ ಕೊಟ್ಟರು, ಬರೆದಿಡಿ. ದ್ರಾಕ್ಷಿಯೇ ಆಗಬೇಕಿಲ್ಲ. ಟೊಮೇಟೊ ಇರಲಿ, ರೇಷ್ಮೆ ಇರಲಿ, ಹೂವಿರಲಿ. ಎರಡು, ಕಾಯದ ಬೆಳೆ ಯಾವುದು, ಅದು ಕಾಯದ ದಿನ ಯಾವುದು ಅಂತ ನಿಮ್ಮ ಅವ್ವಂದಿರನ್ನು ಕೇಳಿ. ಅವರಿಗೆ ಗೊತ್ತು. ಮೂರು, ಒಬ್ಬನೇ ಬಾಯಿ ತೆಗೆದು ನಾನು ಮಾಡಿದ ತಪ್ಪು ಮಾಡಬೇಡಿ. ಅವರನ್ನು ಕೇಳಿ, ಅವರ ಜೊತೆ ನಿಂತು ಮಾತಾಡಿ.

ಕೈಗೆಟುಕದ ದ್ರಾಕ್ಷಿ ಹುಳಿ ಅಂತ ನರಿಯ ಕತೆ ಓದಿದ್ದೀರಿ. ನಮ್ಮ ಕತೆ ಅದಲ್ಲ. ನಮಗೆ ದ್ರಾಕ್ಷಿ ಕೈಗೆಟುಕಿತ್ತು. ನೀರಿನ ಲೋಟ ಎಟುಕಿರಲಿಲ್ಲ.

ಹೋದ ವರ್ಷದ ಕುಯ್ಲಿಗೆ ಅವ್ವ ಮನೆಯಿಂದಲೇ ಒಂದು ಸ್ಟೀಲ್ ಲೋಟ ಸೆರಗಿಗೆ ಕಟ್ಟಿಕೊಂಡು ಹೋದಳು. ದೊಡ್ಡವ್ವನೂ ತಂದಳು. ಇಪ್ಪತ್ತು ಜನವೂ ತಂದರು. ಪಂಪ್‌ಹೌಸಿನ ಕೊಡದ ಪಕ್ಕ ಸಾಲಾಗಿ ಇಟ್ಟು, ತಾವೇ ಬಗ್ಗಿಸಿಕೊಂಡು ಕುಡಿದರು. ಯಾರೂ ಬೇಡ ಅನ್ನಲಿಲ್ಲ. ಅವತ್ತು ಹಣ್ಣು ಮಾಗಿತ್ತು.

ಜೈ ಭೀಮ್.